ಮೈನಸ್ ಎಂಬತ್ತು

ಶುಕ್ರವಾರದೊಳಗೆ ಫ್ರೀಜರ್ ಖಾಲಿಯಾಗಬೇಕು ಅಂದಿದ್ದಾರೆ.
ಬಾಗಿಲು ತೆರೆದರೆ ಬಿಳಿಯ ಉಸಿರು ಮೊಣಕಾಲಿಗಿಳಿದು
ನೆಲದ ಮೇಲೆ ಹರಿದು ಸುಮ್ಮನಾಗುತ್ತದೆ.
ಹೊರಗೂ ಅಷ್ಟೇ: ಅಬರ್ಡೀನಿನ ಕಡಲಿಂದೆದ್ದ ಮಂಜು
ಬೂದುಗಲ್ಲಿನ ಬೀದಿಗಳನ್ನು ಒಂದೊಂದಾಗಿ ಅಳಿಸುತ್ತ
ನಮ್ಮ ಕಿಟಕಿಯವರೆಗೆ ಬಂದಿದೆ.
ಗಂಟೆ ಮೂರೂವರೆ. ಆಗಲೇ ದೀಪ.

ಮೂವತ್ತೊಂದು ವರ್ಷ, ಐದು ಖಾನೆ,
ಕಿರುಬೆರಳಿನಷ್ಟು ನಳಿಗೆಗಳು.
ಮೇಲೆ ನನ್ನದೇ ಅಕ್ಷರ, ನನಗೇ ಓದಲಾಗದು.
ಒಂದು ಮಾತ್ರ ಸ್ಪಷ್ಟ:
'ಎಫಿ, ಮೂರನೇ ರಕ್ತ, ಮಾರ್ಚ್ ತೊಂಬತ್ತೆರಡು.'

ಎಫಿ ಒಂದು ಕುರಿ.
ಕಪ್ಪು ಮೋರೆ, ಬಲಗಿವಿಯಲ್ಲಿ ಹಳದಿ ಬಿಲ್ಲೆ.
ಹೆಸರಿಡಬಾರದೆಂಬ ನಿಯಮವಿತ್ತು;
ದೊಡ್ಡಿ ನೋಡಿಕೊಳ್ಳುವ ಡೋನಿ ಮೆಲ್ಡ್ರಮ್ ಕೇಳುವವನಲ್ಲ.
ಅದರ ಹಿಂದಿನ ಬೇಸಿಗೆ ಕೆರೆಯಲ್ಲಿ ನೀಲಿಹಸಿರು ಪಾಚಿ ಕಟ್ಟಿ
ನೀರು ನೆಕ್ಕಿದ ಎರಡು ನಾಯಿ ದಡದಲ್ಲೇ ಸತ್ತಿದ್ದವು.
ಆ ವಿಷದ ಗುರುತು ಹಿಡಿಯುವ ಪ್ರತಿಕಾಯ ಬೇಕಿತ್ತು,
ಸಾವಿರ ಅಣುಗಳ ಸಂತೆಯಲ್ಲಿ ಒಂದನ್ನೇ ಕೈಹಿಡಿದು
ಮಿಕ್ಕವಕ್ಕೆ ಮುಖ ತಿರುಗಿಸುವಂಥದು.
ವಿಷದ ಚೂರನ್ನು ಇನ್ನೊಂದು ಪ್ರೋಟೀನಿಗೆ ಹೊಲಿದು
ಎಫಿಗೆ ಚುಚ್ಚಿದೆವು.
ಅವಳು ಚಳಿಗಾಲವಿಡೀ ಒಣಹುಲ್ಲು ಜಗಿಯುತ್ತ
ನಮಗೆ ಬಾರದ್ದನ್ನು ಕಲಿತಳು.

ಕುರಿಯ ಕಲಿಕೆ ಕುರಿಯೊಂದಿಗೇ ಮಣ್ಣಾಗಬಾರದೆಂದು
ಅವಳ ಗುಲ್ಮದಿಂದ ಆ ಜೀನನ್ನು ತೆಗೆದು
ಹೊಗೆಸೊಪ್ಪಿನ ಗಿಡಕ್ಕೆ ದಾಟಿಸಿದೆವು.
ಹೇಳಲು ಮೂರು ಸಾಲು. ಮಾಡಲು ಏಳು ವರ್ಷ.
ಎಲೆಯ ಚೂರು ತಟ್ಟೆಯಲ್ಲೇ ಕಂದಿದವು,
ಕಂದದವು ಬೇರು ಬಿಡಲಿಲ್ಲ,
ಬಿಟ್ಟವಕ್ಕೆ ಬೂಷ್ಟು.
ಪಿರಿಯಾಪಟ್ಟಣದಿಂದ ಸೋದರಮಾವ ಫೋನಿನಲ್ಲಿ ನಕ್ಕ:
"ಹೊಗೆಸೊಪ್ಪು ಬೆಳೆಯೋಕೆ ಅಷ್ಟು ದೂರ ಹೋಗಬೇಕಿತ್ತೇನೇ?
ನಮ್ ಬ್ಯಾರನ್ನಲ್ಲೇ ಬೇಯಿಸ್ಕೊಡ್ತಿದ್ದೆ!"
ನಿನ್ನದು ಸುಡುವ ಎಲೆ, ನನ್ನದು ಅರೆಯುವ ಎಲೆ
ಎನ್ನುವಷ್ಟರಲ್ಲಿ ಕಾರ್ಡಿನ ದುಡ್ಡು ಮುಗಿಯಿತು.

ತೊಂಬತ್ತೊಂಬತ್ತರ ಫೆಬ್ರವರಿ, ಕತ್ತಲೆಕೋಣೆ.
ಒದ್ದೆ ಫಿಲ್ಮಿನ ಮೇಲೆ, ಗಿಡ ಇಪ್ಪತ್ತಾರರ ಸಾಲಿನಲ್ಲಿ,
ಕಾಡಿಗೆಯ ಬೆರಳು ತಗುಲಿದಷ್ಟು ಒಂದು ಪಟ್ಟಿ.
ಕೂಗಲಿಲ್ಲ. ಮತ್ತೆ ಮಾಡಿದೆ.
ಮೂರನೇ ಸಲವೂ ಅದು ಅಲ್ಲೇ ಇದ್ದಾಗ
ದೊಡ್ಡಿಗೆ ಹೋಗಿ ಡೋನಿಗೆ ಹೇಳಿದೆ.
ಅವನು ಕೇಳಿದ್ದು ಒಂದೇ:
"ಹಾಗಾದರೆ ಇನ್ನು ಕುರಿ ಬೇಡವೇ?"

ಆ ಬೇಸಿಗೆಯೇ ಗೇಟಿನ ಹೊರಗೆ ಫಲಕ ಹಿಡಿದು ನಿಂತರು.
ಅವರಲ್ಲಿ ಒಬ್ಬಾಕೆ ನನ್ನ ಮಗಳ ಪಿಯಾನೋ ಟೀಚರ್,
ಇಸೊಬೆಲ್ ಕ್ರುಕ್‌ಶ್ಯಾಂಕ್.
ಕಣ್ಣು ಕೂಡಿದಾಗ ಫಲಕವನ್ನು ಕೊಂಚ ಇಳಿಸಿದಳು, ಅಷ್ಟೇ.
ಗುರುವಾರದ ಪಾಠ ತಪ್ಪಲಿಲ್ಲ. ಹಣ ತಪ್ಪಿತು.
ಕಂಪನಿಯಿಂದ ಬಂದದ್ದು ಎರಡು ಪ್ಯಾರಾದ ಪತ್ರ,
ಎರಡನೆಯದರಲ್ಲಿ ಶುಭಾಶಯ.
ಆಮೇಲೆ ಬೇರೆ ಎಲೆ, ಬೇರೆ ವಿಷ, ಬೇರೆಯವರ ಪ್ರಬಂಧಗಳಲ್ಲಿ
ನಡುವೆ ಎಲ್ಲೋ ನನ್ನ ಹೆಸರು.

ನಿನ್ನೆ, ಎಸೆಯುವ ಮೊದಲು, ಎಫಿಯನ್ನು ಕರಗಿಸಿದೆ.
ಆಗಸ್ಟಿನಲ್ಲಿ ತುಂಬಿಟ್ಟ ಕೆರೆಯ ನೀರು ಇತ್ತು.
ಈ ಪರೀಕ್ಷೆಯಲ್ಲಿ ಎಲ್ಲ ತಲೆಕೆಳಗು:
ಶುದ್ಧ ನೀರಿಗೆ ಗಾಢ ಹಳದಿ,
ವಿಷವಿದ್ದಷ್ಟೂ ಬಣ್ಣ ಕಡಿಮೆ.
ಕಾದೆ. ಚಹಾ ಆರಿತು.
ಹಳದಿ ಏಳಲೇ ಇಲ್ಲ.
ಗೊತ್ತಿತ್ತು ಅವಳಿಗೆ, ಇನ್ನೂ.
ಕೆರೆಯ ಬಗ್ಗೆ ಕೌನ್ಸಿಲ್ಲಿಗೆ ಫೋನ್ ಮಾಡಿದೆ;
ಸೋಮವಾರ ನೋಡುತ್ತಾರಂತೆ.

ಕೊನೆಯ ಖಾನೆಯ ಮೂಲೆಯಲ್ಲಿ ಕಾಗದದ ಪೊಟ್ಟಣ,
ಇಪ್ಪತ್ತಾರರ ಬೀಜ. ನಶ್ಯದಂಥ ಕಂದು ಪುಡಿ,
ಚಿಟಿಕೆಗೆ ಒಂದು ತೋಟ.
ನಿಯಮದಂತೆ ಚೀಲಕ್ಕೆ ಹಾಕಿ ಆಟೋಕ್ಲೇವಿಗೆ ಕೊಟ್ಟು
ತಾರೀಖು ಬರೆದು ಸಹಿ ಹಾಕಿದೆ.
ಕೋಟಿನ ತೋಳಿನ ಮಡಿಕೆಯಲ್ಲಿ
ಒಂದೆರಡು ಅಂಟಿದ್ದವೋ, ಬರೀ ಧೂಳೋ.
ಕೊಡವಿದೆ.
ಮತ್ತೊಮ್ಮೆ ಕೊಡವಿದೆ.