ಏನೂ ಬಿತ್ತದ ತಟ್ಟೆ

ಇನ್ನೂರು ಗ್ರಾಂ ಆಲೂಗಡ್ಡೆ, ಸಿಪ್ಪೆ ತೆಗೆದದ್ದು,
ಸಂತೆಯಿಂದ ಆರಿಸಿ ತಂದದ್ದು, ಹಸಿರು ಕಣ್ಣಿಲ್ಲದ್ದು.
ಹೆಚ್ಚಿ, ಬೇಯಿಸಿ, ಹಳೆಯ ಪಂಚೆಯಲ್ಲಿ ಸೋಸಿದರೆ
ಉಳಿಯುವುದು ಗಂಜಿತಿಳಿಯಂಥ ನೀರು.
ಬೆಂದ ಹೋಳು ದೇಚಕ್ಕನಿಗೆ, ನೀರು ನನಗೆ.
ಹದಿನೆಂಟು ವರ್ಷದ ಒಪ್ಪಂದ.

"ಉಪ್ಪಿಲ್ಲ, ಖಾರವಿಲ್ಲ, ಯಾರಿಗೆ ಮಾಡ್ತೀರಿ ಇದನ್ನ?"
ಕೇಳುತ್ತಾಳೆ, ಪ್ರತಿ ಸಲ.
ಬೂಷ್ಟಿಗೆ, ಎನ್ನುತ್ತೇನೆ.
ನಗುತ್ತಾಳೆ: ಆಷಾಢದಲ್ಲಿ
ಚಪ್ಪಲಿಗೆ, ಪೆಟ್ಟಿಗೆಯೊಳಗಿನ ಕುಪ್ಯಕ್ಕೆ,
ಮದುವೆ ಫೋಟೋದಲ್ಲಿ ಅತ್ತೆಯ ಮೂಗಿಗೆ
ಕರೆಯದೆ ಬರುವ ನೆಂಟರು,
ಇಲ್ಲಿ ಅವರಿಗೆ ಎಲೆ ಹಾಕಿ ಕಾದು ಕೂತಿದ್ದೀರಲ್ಲ!

ಇಪ್ಪತ್ತು ಗ್ರಾಂ ಡೆಕ್ಸ್‌ಟ್ರೋಸ್. ಹದಿನೈದು ಗ್ರಾಂ ಅಗರ್.
ಕಡಲು ಕಾಣದ ದೇಚಕ್ಕ ಮೂಸಿ ನೋಡಿ
"ಮೀನಿನ ಬುಟ್ಟಿ ತೊಳೆದ ಹಾಗಿದೆ" ಅಂದದ್ದು ಸರಿ.
ಲೀಟರಿಗೆ ತುಂಬಿಸಿ, ಹತ್ತಿಯ ಬಿರಡೆ ತುರುಕಿ
ಹದಿನೈದು ಪೌಂಡ್ ಒತ್ತಡದಲ್ಲಿ ಹದಿನೈದು ನಿಮಿಷ.
ಕರೆಂಟು ಹೋದರೆ ಮೊದಲಿಂದ.
ಹೋಗುತ್ತದೆ.

ಹುಳಿ ಕೊನೆಗೆ.
ಪಂದಿಕರಿಗೆ ಇಳಿಸುವ ಹೊತ್ತಿಗೆ ಕಾಚಂಪುಳಿ ಬಿಡುವ ಹಾಗೆ
ಟಾರ್ಟಾರಿಕ್ ಆಮ್ಲ, ಪಿಎಚ್ ಮೂರೂವರೆಗೆ ಇಳಿಯುವಷ್ಟು.
ಬ್ಯಾಕ್ಟೀರಿಯಾಕ್ಕೆ ಆಗದ ಹುಳಿ ಬೂಷ್ಟಿಗೆ ಆದೀತು.
ಹುಳಿ ಬಿದ್ದ ಮೇಲೆ ಮತ್ತೆ ಕಾಯಿಸಬಾರದು,
ಕಾಯಿಸಿದರೆ ಹೆಪ್ಪುಗಟ್ಟುವುದನ್ನೇ ಮರೆತುಬಿಡುತ್ತದೆ.
ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ,
ಒಂದು ಇಡೀ ಬುಧವಾರ ಕೊಟ್ಟು ಕಲಿತೆ.

ಈ ಸಲದ ಮಾದರಿ ಜೇನು. ಸೊಸೈಟಿಯ ಏಳನೇ ಡ್ರಮ್ಮು,
ಮುಚ್ಚಳ ಉಬ್ಬಿ, ಸೋಡಾದ ಹಾಗೆ ಸುಯ್ಯೆಂದದ್ದು.
ತಂದವರು: ಜೆ.ಕೆ. ಮುತ್ತ, ತಿತಿಮತಿಯ ಹಾಡಿ.
"ನೀರು ಬೆರೆಸಿದ್ದಾನೆ," ಎಂದರು ಕಾರ್ಯದರ್ಶಿ ಉತ್ತಯ್ಯನವರು,
ತಟ್ಟೆ ತೊಳೆಯುವ ಮೊದಲೇ ತೀರ್ಪು ಬರೆಸುವವರು.
ಮುತ್ತ ಮೆಟ್ಟಿಲ ಮೇಲೆ ಕೂತಿದ್ದ,
ಮಡಿಲಲ್ಲಿ, ಬಾಯಿಗೆ ಮೇಣ ಮೆತ್ತಿದ ಒಂದು ಬಾಟಲಿ.
"ಅದೇ ಮರದ್ದು, ಅದೇ ದಿನದ್ದು. ಇದನ್ನೂ ನೋಡಿ."

ಫ್ಲಾಸ್ಕನ್ನು ಕೆನ್ನೆಗೆ ಒತ್ತಿದೆ; ಸುಡದಿದ್ದರೆ ಹದ.
ಉರಿವ ಸ್ಪಿರಿಟ್ ದೀಪದ ಪಕ್ಕ, ಉಸಿರು ಬಿಗಿಹಿಡಿದು,
ಮುಚ್ಚಳವನ್ನು ಬೆರಳಷ್ಟೇ ಎತ್ತಿ
ಸುರಿದೆ. ಎಂಟರ ಅಂಕಿ ಬರೆದಂತೆ ತಿರುಗಿಸಿದೆ.
ಡ್ರಮ್ಮಿನದು ಎರಡು, ಬಾಟಲಿಯದು ಎರಡು.
ಐದನೆಯದಕ್ಕೆ ಏನೂ ಹಾಕಲಿಲ್ಲ:
ಬರೀ ಅಗರ್, ಬರೀ ಗಾಜು, ಬರೀ ನನ್ನ ಕೈ.

ಐದು ದಿನ. ಇನ್‌ಕ್ಯುಬೇಟರ್ ಕೆಟ್ಟು ಯಾವ ಕಾಲವಾಯಿತೋ,
ವಿರಾಜಪೇಟೆಯೇ ಇಪ್ಪತ್ತೆರಡು ಡಿಗ್ರಿಯ ಕಪಾಟು.

ಡ್ರಮ್ಮಿನ ತಟ್ಟೆಯಲ್ಲಿ ಯೀಸ್ಟು,
ಇರುವೆಯ ಮನೆಗೆ ಬೇಯಿಸಿದ ಕಡಂಬುಟ್ಟಿನ ಹಾಗೆ
ಬೆಳ್ಳಗೆ, ಗುಂಡಗೆ, ನಲವತ್ತಮೂರು.
ಬಾಟಲಿಯ ತಟ್ಟೆಯಲ್ಲಿ ಎರಡು.
ಐದನೆಯದರಲ್ಲಿ, ಏನೂ ಹಾಕದ್ದರಲ್ಲಿ,
ಒಂದು.
ನಡು ಹಸಿರು, ಅಂಚು ಬಿಳಿ.
ಚೆಂದವೇ ಇತ್ತು, ಸುಳ್ಳು ಹೇಳಬಾರದು.

"ಒಂದು ತಾನೆ?" ಎಂದರು ಉತ್ತಯ್ಯನವರು.
"ಒಂದೇ ಅಲ್ವಾ ಅಕ್ಕ," ಎಂದ ಮುತ್ತ,
ಬಾಟಲಿಯ ಎರಡನ್ನು ಬೆರಳಲ್ಲಿ ಎಣಿಸಿ ಮುಗಿಸಿದವನು.
ಅಷ್ಟು ದಿನದಲ್ಲಿ ಇಬ್ಬರೂ ಒಪ್ಪಿದ ಮಾತು ಅದೊಂದೇ.
ಐದನ್ನೂ ಬೇಯಿಸಿ ಚೆಲ್ಲಿದೆ.
ರಿಜಿಸ್ಟರಿನಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದೆ.
ಮುತ್ತ ಬಾಟಲಿಗೆ ಮತ್ತೆ ಮೇಣ ಮೆತ್ತಿ
ನನ್ನ ಮೇಜಿನ ಮೇಲಿಟ್ಟು, ಏನೂ ಹೇಳದೆ, ಬಸ್ಸಿಗೆ ಹೋದ.

ಸಂಜೆ ದೇಚಕ್ಕ ಬಾಗಿಲಲ್ಲಿ ನಿಂತಿದ್ದಳು, ಒಳಗೆ ಬಾರದೆ.
"ಮೊನ್ನೆ ನೀವು ಫೋನಿಗೆ ಹೋದಾಗ
ಒಂಚೂರು ಎತ್ತಿ ನೋಡಿದೆ,
ಬಂದರಾ ಅಂತ, ನಿಮ್ಮ ನೆಂಟರು."

ನಾನು ತಕ್ಕಡಿಯ ಧೂಳು ಒರೆಸಿದೆ.
ಇನ್ನೂರು ಗ್ರಾಂ, ಎಂದೆ.
ಅವಳು ಚಾಕು ತೆಗೆದುಕೊಂಡು ಕೂತಳು.
ಸಿಪ್ಪೆ ಈ ಸಲ ಬಹಳ ತೆಳ್ಳಗೆ,
ಹಿಂದಿನ ದೀಪ ಕಾಣುವಷ್ಟು.