ಓರೆ ಬೆಸುಗೆ

ಬೋರ್ಡು ಬರುವ ಮೊದಲೇ ಹೊಗೆ ಬಂತು.
ಎರಡು ವರ್ಷ ಗಾಜಿಗೆ ಪೇಪರು ಅಂಟಿಸಿಕೊಂಡು ಕೂತಿದ್ದ
ಮೂಲೆಯ ಲಾಂಡ್ರಿಯ ಬೆನ್ನಿನಿಂದ
ಮಂಗಳವಾರ ಬೆಳಗಿನ ಜಾವ ನಾಲ್ಕಕ್ಕೆ
ಬಾಗಿಲು ತಟ್ಟದೆ ಒಳಬರುವ ಸೋದರಮಾವನ ಹಾಗೆ
ಬೀದಿಯ ಎಲ್ಲ ಮಲಗುವ ಕೋಣೆಗೂ ನುಗ್ಗಿತು.
ಎದ್ದು ಕೂತೆ. ಹಿಕರಿ ಕಟ್ಟಿಗೆ, ಸಂಶಯವಿಲ್ಲ.
ಆದರೆ ಹಸಿ.
ಇನ್ನೂ ಆರು ತಿಂಗಳು ಬಿಸಿಲು ತಿನ್ನಬೇಕಿತ್ತು.

ಪೈನ್ ಬ್ಲಫ್ ಊರಿನಲ್ಲಿ
ಹಂದಿಯ ಪಕ್ಕೆಲುಬಿನ ಬಗ್ಗೆ ಅಭಿಪ್ರಾಯವಿಲ್ಲದವನು
ಇನ್ನೂ ಹುಟ್ಟಿಲ್ಲ.
ಭಾನುವಾರ ಚರ್ಚು ಬಿಡುವಷ್ಟರಲ್ಲಿ ತೀರ್ಪು ಸಿದ್ಧವಾಗಿತ್ತು;
ಯಾರೊಬ್ಬರೂ ತಿಂದಿರಲಿಲ್ಲ ಅನ್ನುವುದು ಬೇರೆ ಮಾತು.
‘ಹುಡುಗಿಯಂತೆ, ಮೂವತ್ತೂ ತುಂಬಿಲ್ಲವಂತೆ’ ಅಂದಳು ಅರ್ಲೀನ್.
‘ಮೆಂಫಿಸ್‌ನವಳಂತೆ’ ಅಂದ ಕ್ಲೀವನ್,
ಹಾಸಿಗೆಯಲ್ಲಿ ಹಾವು ಕಂಡವನ ದನಿಯಲ್ಲಿ.

ಗುರುವಾರ ನಾನೂ ಅವನೂ ಹೋದೆವು,
ಹಸಿವಿಗಲ್ಲ, ತಪ್ಪು ಹುಡುಕಲಿಕ್ಕೆ.
ಮೆಷಿನ್ನುಗಳು ನಿಂತಿದ್ದ ಕಡೆ ತುಕ್ಕಿನ ಉಂಗುರಗಳು ಹಾಗೇ ಇವೆ,
ಅವುಗಳ ಮೇಲೆ ಆರು ಮೇಜು.
‘ಮರೆತುಹೋದ ಬಟ್ಟೆಗೆ ನಾವು ಹೊಣೆಯಲ್ಲ’
ಗೋಡೆಯ ಹಳೇ ಫಲಕವನ್ನು ಅವಳು ತೆಗೆದಿಲ್ಲ.
ಹೊಗೆಯ ಅಡಿಯಲ್ಲಿ ಎಲ್ಲೋ, ತೆಳ್ಳಗೆ,
ಸೋಪಿನ ಪುಡಿಯ ವಾಸನೆ.

ತಟ್ಟೆ ಬಂತು: ಪಕ್ಕೆಲುಬು, ಎರಡು ಬಿಳಿ ಬ್ರೆಡ್ಡು, ಉಪ್ಪಿನಕಾಯಿ ಸೌತೆ.
ಸಾಸು ಓಟು ಕೇಳಲು ಬಂದವನ ಮಾತಿನಷ್ಟು ಸಿಹಿ.
ನನ್ನ ಪಾಲಿನದು ಎಲುಬನ್ನು ಬೇಕಾದಾಗ ಬಿಟ್ಟಿತು,
ಬೇಡವಾದಾಗ ಹಿಡಿದುಕೊಂಡಿತು. ಹಾಗೇ ಇರಬೇಕು.
(ಇದನ್ನು ನಾನು ಬಾಯಿ ಬಿಟ್ಟು ಹೇಳಲಿಲ್ಲ.)
ಕ್ಲೀವನ್‌ನದು ಮಾತ್ರ ಸೀದು ಕಟ್ಟಿಗೆ.
ಒಂದೇ ಒಲೆ, ಒಂದೇ ಕೈ, ಎರಡು ರುಚಿ.

ನನಗೆ ಗೊತ್ತಿತ್ತು ಈ ಸೀದ ರುಚಿ.
ಎಲ್ಲಿಯದೆಂದು ನಾಲಿಗೆ ಹೇಳಲಿಲ್ಲ, ಬೆರಳು ಹೇಳಿದವು.

ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದೆ.
ನಿಂತಿತ್ತು ಅಲ್ಲಿ, ಎಮ್ಮೆಯಷ್ಟು ಕಪ್ಪಗೆ, ಎಣ್ಣೆಯ ಟ್ಯಾಂಕು,
ಹೊಟ್ಟೆ ಸೀಳಿ ಕೀಲು ಹಾಕಿದ್ದು.
ಎಡಬದಿಯಲ್ಲಿ ಮೇಲಿಂದ ಕೆಳಗೆ
ಕುಡಿದವನ ಸಹಿಯ ಹಾಗೆ ಓರೆಯಾಗಿ ಇಳಿದ ಬೆಸುಗೆ,
ಕೊನೆಯ ಗೇಣಿನಲ್ಲಿ ಕೂದಲೆಳೆಯ ಸೀಳು.
ಅಲ್ಲಿಂದ ಗಾಳಿ ಒಳಗೆ, ಬೆಂಕಿಗೆ ಹುಚ್ಚು.

ಬೆಸೆದವನು ನಾನು. ಎಪ್ಪತ್ತೊಂಬತ್ತನೇ ಇಸವಿ, ನವೆಂಬರ್,
ಓತಾ ಪ್ರೂಯಿಟ್ ತನ್ನ ಅಂಗಡಿಗೆಂದು ಮಾಡಿಸಿದ್ದು.
ಆ ಕೊನೆಯ ಗೇಣು ಉಳಿದಿತ್ತು, ಆಸ್ಪತ್ರೆಯಿಂದ ಫೋನು ಬಂತು:
ಹೆಣ್ಣು ಮಗು, ತಾಯಿಗೆ ಜ್ವರ, ಬೇಗ ಬಾ.
ಉಳಿದದ್ದನ್ನು ನಿಂತ ಕಾಲಲ್ಲೇ ಬೆಸೆದು ಓಡಿದೆ.
ನಾಳೆ ಸರಿಮಾಡುತ್ತೇನೆ ಅಂದಿದ್ದೆ.

ಆ ನಾಳೆಗೆ ನಲವತ್ತು ವರ್ಷ. ಓತಾ ಕೇಳಲಿಲ್ಲ.
ಎಡಗಡೆ ಅವನು ಯಾವತ್ತೂ ಮಾಂಸ ಇಡಲಿಲ್ಲ,
ಬೀನ್ಸಿನ ಪಾತ್ರೆ ಇಟ್ಟ.
ತಳ ಹಿಡಿದು, ಅಂಚು ಕರಗಿ, ಬೆಲ್ಲದ ಹಾಗೆ ಮಂದವಾದ ಆ ಬೀನ್ಸಿಗೆ
ಲಿಟಲ್ ರಾಕ್‌ನಿಂದ ಜನ ಕಾರು ಕಟ್ಟಿಕೊಂಡು ಬರುತ್ತಿದ್ದರು.
ಗುಟ್ಟು ಕೇಳಿದರೆ ನನ್ನ ಕಡೆ ನೋಡಿ ನಗುತ್ತಿದ್ದ;
ನಾನೂ ಸುಮ್ಮನೆ ನಗುತ್ತಿದ್ದೆ, ಪೆದ್ದ.

‘ಹರಾಜಿನಲ್ಲಿ ಸಿಕ್ಕಿತು’ ಅಂದಳು ಹಿಂದಿನಿಂದ ಕೆಡ್ರಾ,
ಕೈಯಲ್ಲಿ ಇಕ್ಕುಳ, ಹುಬ್ಬಿನ ಮೇಲೆ ಮಸಿ.
‘ಎಡಗಡೆ ಮಾತು ಕೇಳುವುದಿಲ್ಲ ಅಂಕಲ್,
ದಿನಾ ನಾಲ್ಕು ಪಟ್ಟಿ ಸುಟ್ಟುಕೊಳ್ಳುತ್ತೇನೆ.
ಯಾವ ಪುಣ್ಯಾತ್ಮ ಬೆಸೆದನೋ.’

ಟೋಪಿಯನ್ನು ಒಮ್ಮೆ ತೆಗೆದು ಮತ್ತೆ ಹಾಕಿಕೊಂಡೆ.
‘ಅಲ್ಲಿ ಬೀನ್ಸ್ ಇಡು’ ಅಂದೆ.
‘ಕಟ್ಟಿಗೆ ಇನ್ನಷ್ಟು ಒಣಗಲಿ.’

ದಾರಿಯಲ್ಲಿ ಕ್ಲೀವನ್ ಹಲ್ಲು ಕಡ್ಡಿ ಕಚ್ಚುತ್ತಾ ಕೇಳಿದ,
‘ಏನಂತೀಯ? ಒಳ್ಳೇದಾ, ಕೆಟ್ಟದ್ದಾ?’
ಮನೆಯಲ್ಲಿ ಬೆಸುಗೆಯ ಯಂತ್ರಕ್ಕೆ ಧೂಳು ಹಿಡಿದಿದೆ.
ತಂದು ಆ ಸೀಳು ಮುಚ್ಚಬೇಕೋ,
ಹಾಗೇ ಬಿಡಬೇಕೋ ಎಂದು ಲೆಕ್ಕ ಹಾಕುತ್ತಾ
‘ಮುಂದಿನ ಗುರುವಾರ ಹೇಳುತ್ತೇನೆ’ ಅಂದೆ.