ಎಡಗಣ್ಣು

ಕ್ಲಾಕ್ ಟವರ್ ಹಿಂದಿನ ಗಲ್ಲಿ, ಭಾನುವಾರ, ಐದೂಮುಕ್ಕಾಲು.
ದಸ್ತಗೀರ್ ಸಾಬರು ಕತ್ತಿ ಮಸೆಯುವಾಗಲೇ
ನನ್ನ ಸ್ಕೂಟಿ ನಿಲ್ಲುತ್ತದೆ.
"ಬಂದ್ಳಪ್ಪ ಕಣ್ಣಮ್ಮ" ಎನ್ನುತ್ತಾನೆ ಅವರ ಹುಡುಗ.
ಸೀಟಿನ ಕೆಳಗೆ ಥರ್ಮಾಕೋಲ್ ಡಬ್ಬಿ,
ಕ್ಯಾಂಡಿ ಫ್ಯಾಕ್ಟರಿಯಿಂದ ತಂದ ಪುಡಿ ಐಸು,
ಉಪ್ಪುನೀರಲ್ಲಿ ನೆನೆದ ಬ್ಯಾಂಡೇಜು ಬಟ್ಟೆ.

ಕುರಿ ಉಸಿರು ಬಿಟ್ಟ ಗಳಿಗೆಯಿಂದ ಲೆಕ್ಕ,
ಒಂದೇ ತಾಸು. ಆಮೇಲೆ ಕಣ್ಣಿನ ಒಳಪೊರೆ
ಹಳಸಿದ ಹಾಲಿನ ಕೆನೆಯ ಹಾಗೆ
ತಾನಾಗಿ ಬಿಟ್ಟುಕೊಳ್ಳುತ್ತದೆ.

ಬಿಡಿಸಿಕೊಡುವುದು ಸಾಬರೇ. ನನಗೆ ಕಲಿಸಿದ್ದೂ ಅವರೇ:
ಒತ್ತಬೇಡ, ಎಳೀಬೇಡ,
ಬದನೇಕಾಯಿ ಹಾಗೆ ತೊಟ್ಟು ಉಳಿಸಿ ಕುಯ್ಯಿ.
ತೊಟ್ಟೆಂದರೆ ನರ.

ಇವತ್ತು ಒಂದೇ ಕುರಿ. ತಲೆ ಪಾಪಕ್ಕನದು.
ಕಣ್ಣಿಲ್ಲದ ತಲೆ ನನಗ್ಯಾಕೆ, ಎಂದು
ಬುಟ್ಟಿ ಕೆಳಗಿಟ್ಟು ಕೂತೇಬಿಟ್ಟಳು.
"ಮಗಳ ಮಗ ಕಣಮ್ಮ. ದೀಪ ಹಚ್ಚೋ ಹೊತ್ಗೆ
ಗ್ವಾಡೆ ತಡವ್ತಾನೆ. ಕುರಿಕಣ್ಣು ತಿಂದ್ರೆ
ಬೆಳಕು ಬರ್ತದಂತೆ."

ಇರುಳುಗಣ್ಣು.
ಟಮಕದ ನಮ್ಮ ಲ್ಯಾಬಿನ ಬಾಗಿಲ ಮೇಲೆ
ಅದಕ್ಕೇ ಗಜ ಉದ್ದದ ಹೆಸರಿದೆ.

"ಕಣ್ಣಲ್ಲಜ್ಜಿ, ಈಲಿ ಒಳ್ಳೇದು. ಹುಡುಗನ್ನ ಕಾಲೇಜಿಗೆ ಕರ್ಕೊಂಡು ಬನ್ನಿ."
"ಈಲಿ ರೇಟು ಕೇಳಿದ್ದೀಯಾ?"
ಕಾಲೇಜಿನ ಮಾತು ಕೇಳಿಸಲೇ ಇಲ್ಲ ಅವಳಿಗೆ.
ಸಾಬರು ಆಚೆ ನೋಡಿದರು.
ಆರೂ ಹತ್ತು. ಐಸು ಕರಗುತ್ತಿತ್ತು.
ಬಲಗಣ್ಣು ಮುತ್ತುಗದೆಲೆಯಲ್ಲಿ ಅವಳ ಬುಟ್ಟಿಗೆ,
ಎಡಗಣ್ಣು ನನಗೆ.

ಕಪ್ಪು ಬಿಳಿ ಕೂಡುವ ಅಂಚಿಗೆ ಒಂದು ಸೀಳು,
ಫಾರ್ಮಾಲಿನ್ ಒಳಗಿಳಿಯಲಿ ಎಂದು. ಉರಿ ಮಾತ್ರ ನನ್ನ ಕಣ್ಣಿಗೆ.
ಪಾಪೆ ಅಡ್ಡಡ್ಡ, ಮಣ್ಣುಹುಂಡಿಯ ಬಾಯಂತೆ.
ಕಡೆಗೆ ಕಂಡದ್ದು ಯಾವುದೂ ಒಳಗೆ ಅಂಟಿರುವುದಿಲ್ಲ,
ಏಳು ವರ್ಷದಿಂದ ನೋಡುತ್ತಿದ್ದೇನೆ.

ಮಧ್ಯಾಹ್ನ ಬಟ್ಟಲಾಗಿ ಬಿಡಿಸಿದೆ.
ತಾಟಿನುಂಗಿನ ತಿರುಳಿನಂಥದ್ದು ಜಾರಿತು.
ತಳದಲ್ಲಿ, ದೀಪ ವಾಲಿಸಿದರೆ,
ನವಿಲಿನ ಕೊರಳು!
ಕತ್ತಲಲ್ಲಿ ಸಿಕ್ಕ ಇಷ್ಟೇ ಇಷ್ಟು ಬೆಳಕನ್ನು
ಎರಡು ಸಲ ಉಣ್ಣುವ ಪದರ.
ನಮಗಿಲ್ಲ ಅದು.
ಪಾಪಕ್ಕನದು ಪೂರಾ ತಪ್ಪೇನಲ್ಲ.

ಸಂಜೆ ಸಕ್ಕರೆನೀರು. ಮೊದಲು ತೆಳು, ಆಮೇಲೆ ಗಟ್ಟಿ,
ಥೇಟು ಜಾಮೂನಿನ ಹಾಗೆ:
ತೇಲುವಷ್ಟು ಹೊತ್ತು ಕಾಯಬೇಕು,
ಮುಳುಗಿದರೆ ಒಳಗೆಲ್ಲ ಹಿಡಿಯಿತು ಎಂದು.
ಅವಸರಪಟ್ಟು ಹೆಪ್ಪುಗಟ್ಟಿಸಿದರೆ
ಒಳಗಿನ ನೀರೇ ಸೂಜಿಯಾಗಿ ಎಲ್ಲ ಹರಿಯುತ್ತದೆ.

ದಾಖಲೆ ಪುಸ್ತಕ ತೆರೆದೆ.
ಟಗರು, ಎರಡು ಹಲ್ಲು.
ಎಡ: ನಾಲ್ಕು ಡಿಗ್ರಿ, ಶೀಷೆ ಹದಿನೇಳು.
ಬಲ:
ಪೆನ್ನು ತುಸು ನಿಂತಿತು.
ಬೇರೆ ಪ್ರಯೋಗಕ್ಕೆ, ಎಂದು ಬರೆದೆ.

ಫ್ರಿಜ್ಜಿನ ಬಾಗಿಲು ಹಾಕುವ ಮುನ್ನ ಬಗ್ಗಿ ನೋಡಿದೆ.
ಇನ್ನೂ ತೇಲುತ್ತಿದೆ.
ಹೊರಗೆ ದೀಪ ಹಚ್ಚುವ ಹೊತ್ತು.